ನಿಂತ ಲಾರಿ ನಕಾಶೆಯಲ್ಲಿ ಓಡಿದ್ದೇಕೆ?

ಪ್ರಶ್ನೆ: ಕಾರಟಗಿಯ ರೈಸ್‌ಮಿಲ್ಲುಗಳಿಂದ ಅಕ್ಕಿ ಸಾಗಿಸುವ ನನ್ನ ಎರಡು ಲಾರಿಗಳಿಗೂ ಜಿಪಿಎಸ್ ಹಾಕಿಸಿದ್ದೇನೆ. ಹೋದ ತಿಂಗಳು ಒಂದು ರಾತ್ರಿ ಲಾರಿ ಮಿಲ್ಲಿನ ಶೆಡ್ಡಿನೊಳಗೆ ಲೋಡಿಗೆ ನಿಂತೇ ಇತ್ತೆಂದು ಚಾಲಕ ಹೇಳುತ್ತಾನೆ. ಮೊಬೈಲಿನಲ್ಲಿ ನೋಡಿದರೆ ಅದು ನಾಲ್ಕೈದು ಸಲ ಅರ್ಧ ಫರ್ಲಾಂಗು ಹೋಗಿ ಬಂದಂತೆ ಗೆರೆ ಬಿದ್ದಿದೆ. ಡೀಸೆಲ್ ಮಾರಿಕೊಂಡಿದ್ದಾನೆಂದು ಅವನ ಪಗಾರ ತಡೆದಿದ್ದೇನೆ. ಉಪಗ್ರಹ ಸುಳ್ಳು ಹೇಳುತ್ತದೆಯೇ?
– ಲಾರಿ ಮಾಲೀಕರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಆ ಗೆರೆಯೊಂದರಿಂದಲೇ ಕಳ್ಳತನ ಸಿದ್ಧವಾಗುವುದಿಲ್ಲ, ಆದ್ದರಿಂದ ಪಗಾರವನ್ನು ಮೊದಲು ಕೊಟ್ಟುಬಿಡಿ, ವಿಚಾರಣೆಯನ್ನು ಆಮೇಲೆ ಮಾಡಿ.

ಉಪಗ್ರಹ ನಿಮ್ಮ ಲಾರಿಯನ್ನು ನೋಡುತ್ತಿಲ್ಲ, ಲಾರಿಯೊಂದು ಇದೆಯೆಂಬುದೂ ಅದಕ್ಕೆ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಾವಿರುವ ಜಾಗವನ್ನೂ ತಮ್ಮ ಪರಮಾಣು ಗಡಿಯಾರದ ಸಮಯವನ್ನೂ ರೇಡಿಯೊ ಸಂಕೇತವಾಗಿ ಸಾರುತ್ತಿರುತ್ತವೆ, ಅಷ್ಟೆ. ಲಾರಿಯಲ್ಲಿರುವ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು, ಪ್ರತಿಯೊಂದು ಸಂಕೇತ ತನ್ನನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ದೂರವನ್ನು ಅಳೆದು, ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿಸಿ, ತಾನೆಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಆ ಉತ್ತರವನ್ನು ನಿಮ್ಮ ಮೊಬೈಲಿಗೆ ಮುಟ್ಟಿಸುವುದು ಪೆಟ್ಟಿಗೆಯಲ್ಲಿರುವ ಸಿಮ್ ಕಾರ್ಡು. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ ಕಾಲದ ಲೆಕ್ಕ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬೀಳುತ್ತದೆ.

ಈಗ ಶೆಡ್ಡಿನ ವಿಷಯಕ್ಕೆ ಬರೋಣ. ನೆಲ ಮುಟ್ಟುವ ಹೊತ್ತಿಗೆ ಈ ಸಂಕೇತ ಅತ್ಯಂತ ಕ್ಷೀಣವಾಗಿರುತ್ತದೆ ಮತ್ತು ತಗಡಿನ ಚಾವಣಿ ಅದನ್ನು ಬಹುಪಾಲು ತಡೆಯುತ್ತದೆ. ಬಾಗಿಲ ಕಡೆಯಿಂದ ನುಸುಳಿದ ಅಲ್ಪಸ್ವಲ್ಪವೂ ಗೋಡೆಗೆ, ಪಕ್ಕದ ಲಾರಿಯ ಕಬ್ಬಿಣಕ್ಕೆ ತಾಗಿ ಬಳಸಿಕೊಂಡು ಬರುತ್ತದೆ. ಬಳಸಿ ಬಂದದ್ದನ್ನು ಪೆಟ್ಟಿಗೆ ನೇರವಾಗಿ ಬಂದದ್ದೆಂದೇ ಎಣಿಸಿ ದೂರವನ್ನು ತಪ್ಪಾಗಿ ಅಳೆಯುತ್ತದೆ. ಗಂಗಾವತಿಯ ಮಿಲ್ಲೊಂದರಲ್ಲಿ ನಾನೇ ಇದನ್ನು ಕಂಡಿದ್ದೇನೆ. ಹಮಾಲರು ಚೀಲ ಹೇರುತ್ತಿದ್ದರು, ಚಕ್ರಕ್ಕೆ ಕಲ್ಲು ಕೊಟ್ಟಿತ್ತು, ಚಾಲಕ ನನ್ನ ಪಕ್ಕದಲ್ಲಿಯೇ ಕುಳಿತು ಚಹಾ ಕುಡಿಯುತ್ತಿದ್ದ. ಆ ಒಂದು ತಾಸಿನಲ್ಲಿ ಅವನ ಲಾರಿಯ ಚುಕ್ಕೆ ಗೋಡೆ ದಾಟಿ, ರಸ್ತೆ ದಾಟಿ, ಆಚೆಯ ಭತ್ತದ ಗದ್ದೆಗೆ ಎರಡು ಸಲ ಇಳಿದು ಬಂತು. ತಾನು ಕದಲಲಿಲ್ಲವೆಂದು ಹೇಳಲು ಆ ದಿನ ಅವನಿಗೆ ನಾನೊಬ್ಬ ಸಾಕ್ಷಿಯಿದ್ದೆ. ನಿಮ್ಮ ಚಾಲಕನಿಗೆ ಅಂಥವರು ಯಾರೂ ಇರಲಿಲ್ಲ ಎಂಬುದೇ ನನ್ನನ್ನು ಕಾಡುತ್ತಿದೆ.

ನಕಾಶೆಯ ಗೆರೆಯನ್ನು ಬಿಟ್ಟು ಪೂರ್ಣ ವರದಿಯನ್ನು ತೆಗೆಸಿ. ಪೆಟ್ಟಿಗೆಯ ತಂತಿಯನ್ನು ಇಗ್ನಿಷನ್‌ಗೆ ಜೋಡಿಸಿದ್ದರೆ ಎಂಜಿನ್ ಯಾವಾಗ ಆರಿತು, ಯಾವಾಗ ಹೊತ್ತಿತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಎಂಜಿನ್ ಆರಿದ್ದಾಗ ಚುಕ್ಕೆ ಅಲೆದಾಡಿದ್ದರೆ ಅದು ಸಂಕೇತದ ದೋಷವೆಂದೇ ತಿಳಿಯಬಹುದು. ಆಗ ಎಷ್ಟು ಉಪಗ್ರಹಗಳು ಸಿಕ್ಕಿದ್ದವು ಎಂಬ ಅಂಕಣವಿದ್ದರೆ ಅದನ್ನೂ ನೋಡಿ. ಲಾರಿಯ ಮೀಟರಿನ ಕಿಲೋಮೀಟರಿಗೂ ಮಿಲ್ಲಿನ ತೂಕದ ಚೀಟಿಯ ಸಮಯಕ್ಕೂ ತಾಳೆ ಹಾಕಿ. ಡೀಸೆಲ್ ನಿಜವಾಗಿಯೂ ಕಡಿಮೆಯಾಗಿದ್ದರೆ ಟ್ಯಾಂಕಿನ ಲೆಕ್ಕದಿಂದ ಅದನ್ನು ಹಿಡಿಯಬೇಕೇ ಹೊರತು ಈ ಗೆರೆಯಿಂದಲ್ಲ.

ಪ್ರಶ್ನೆ: ಜಿಪಿಎಸ್‌ನಂತೆಯೇ ಜಾಗ ತೋರಿಸುವ, ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹ ವ್ಯವಸ್ಥೆ ಬಳಸಿದರೆ ಇಂಥ ತಪ್ಪುಗಳು ನಿಲ್ಲುತ್ತವೆಯೇ?
– ಡಿಪ್ಲೊಮಾ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಬಯಲಿನಲ್ಲಿ ನೆರವಾಗುತ್ತದೆ. ಇಸ್ರೊ 2013ರ ಜುಲೈ 1ರಂದು ಈ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. 2023ರ ಮೇ 29ರಂದು ಹಾರಿದ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಈ ಉಪಗ್ರಹಗಳು ಸದಾ ನಮ್ಮ ಭಾಗದ ಆಕಾಶದಲ್ಲೇ ಇರುವುದರಿಂದ, ಜಿಪಿಎಸ್‌ನೊಂದಿಗೆ ಇವುಗಳ ಸಂಕೇತವನ್ನೂ ಹಿಡಿಯುವ ಪೆಟ್ಟಿಗೆಗೆ ಲೆಕ್ಕ ಹಾಕಲು ಹೆಚ್ಚು ಆಧಾರ ಸಿಗುತ್ತದೆ. ಆದರೆ ತಗಡಿನ ಶೆಡ್ಡಿನೊಳಗೆ ಎರಡಕ್ಕೂ ಒಂದೇ ಗತಿ.