ಕೆಸರಿನ ತುಂಬ ಕೆಂಪು ಹುಳ: ಕೆರೆ ಚೆನ್ನಾಗಿದೆ ಅಂತಾನಾ?

ಪ್ರಶ್ನೆ: ನಮ್ಮ ಬಡಾವಣೆ ಪಕ್ಕದ ಕೆರೆಯಿಂದ ಒಂದು ಬೊಗಸೆ ಕೆಸರು ತೆಗೆದು ನೋಡಿದೆವು. ದಾರದಂಥ ಕೆಂಪು ಹುಳಗಳು ನೂರಾರು ಇದ್ದವು. ಮಧ್ಯಾಹ್ನ ತೆಗೆದ ನೀರನ್ನು ಪರೀಕ್ಷೆ ಮಾಡಿಸಿದರೆ ಆಮ್ಲಜನಕ ಚೆನ್ನಾಗಿಯೇ ಇದೆ ಎಂದು ಬಂತು. ಇಷ್ಟೊಂದು ಜೀವ ಇದೆ ಅಂದರೆ ಕೆರೆ ಆರೋಗ್ಯವಾಗಿದೆ, ಅಲ್ವಾ?

ಉತ್ತರ: ಕೆಸರಿಗೆ ಕೈ ಹಾಕಿ ನೋಡಿದಿರಲ್ಲ, ಅದು ನನಗೆ ತುಂಬಾ ಖುಷಿಯಾಯಿತು. ಆದರೆ ಕೆರೆ ಚೆನ್ನಾಗಿದೆ ಎಂದು ಈಗಲೇ ಹೇಳಲಾರೆ. ಎಷ್ಟು ಹುಳ ಅನ್ನುವುದಕ್ಕಿಂತ ಎಷ್ಟು ಬಗೆಯ ಹುಳ ಅನ್ನುವುದೇ ಇಲ್ಲಿ ಮುಖ್ಯ.

ಒಂದು ಹುಳವನ್ನು ಬಿಳಿ ತಟ್ಟೆಗೆ ಹಾಕಿ, ಭೂತಗನ್ನಡಿಯಲ್ಲಿ ನೋಡಿ. ಗಟ್ಟಿಯಾದ ಪುಟ್ಟ ತಲೆ, ಅದರ ಹಿಂದೆಯೇ ಒಂದು ಜೊತೆ ಮೋಟುಗಾಲು ಕಂಡರೆ ಅದು ಕೈರೊನೊಮಿಡ್, ಅಂದರೆ ಸೊಳ್ಳೆಯಂತೆ ಕಂಡರೂ ಕಚ್ಚದ ಕೀಟದ ಮರಿ. ತಲೆ ಯಾವ ಕಡೆ ಅಂತಲೇ ಗೊತ್ತಾಗದೆ, ಸಣ್ಣ ಎರೆಹುಳದ ಹಾಗಿದ್ದರೆ ಬಹುಶಃ ಟ್ಯೂಬಿಫೆಕ್ಸ್. ಎರಡಕ್ಕೂ ಆ ಕೆಂಪು ಬಂದಿರುವುದು ಹಿಮೋಗ್ಲೋಬಿನ್‌ನಿಂದ. ನಮ್ಮ ರಕ್ತಕ್ಕೆ ಬಣ್ಣ ಕೊಡುವುದೂ ಅದೇ. ಆಮ್ಲಜನಕ ತೀರಾ ಕಡಿಮೆಯಿದ್ದರೂ ಅದನ್ನು ಹಿಡಿದಿಟ್ಟುಕೊಂಡು ಇವು ಬದುಕುತ್ತವೆ. ಚರಂಡಿ ನೀರು ಬಂದು ಸೇರಿದಾಗ ಬ್ಯಾಕ್ಟೀರಿಯಾಗಳು ಆ ಕೊಳೆ ತಿನ್ನುತ್ತಾ ತಳದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಉಳಿದ ಜೀವಿಗಳು ಸಾಯುತ್ತವೆ. ಇವಕ್ಕೋ ಹೊಟ್ಟೆ ತುಂಬ ಊಟ, ಪೈಪೋಟಿಗೆ ಯಾರೂ ಇಲ್ಲ.

ಹಾಗಾದರೆ ಪರೀಕ್ಷೆ ಸುಳ್ಳೇ? ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರು ಉಸಿರುಕಟ್ಟುವ ಸ್ಥಿತಿಗೆ ಬರಬಹುದು. ಬಾಟಲಿಯಲ್ಲಿ ಸಿಕ್ಕಿದ್ದು ಆ ಒಂದು ಗಳಿಗೆ ಮಾತ್ರ. ವಾರಗಟ್ಟಲೆ, ತಿಂಗಳುಗಟ್ಟಲೆ ನೀರಿನಲ್ಲೇ ಇರುವ ಮರಿಹುಳ ಮಾತ್ರ ಅಂಥ ಪ್ರತಿ ಜಾವವನ್ನೂ ದಾಟಬೇಕು. ಅದಕ್ಕೇ ನಾನು ಹುಳಗಳ ಮಾತನ್ನು ಜಾಸ್ತಿ ನಂಬುತ್ತೇನೆ.

ಈಗ ದಡದ ಗಿಡಗಳ ಬುಡದಲ್ಲಿ ಬಲೆ ಆಡಿಸಿ. ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲುಗಿಸುವ, ಬಾಲಕ್ಕೆ ಮೂರು ಎಳೆಯಿರುವ ಮೇಫ್ಲೈ ಎಂಬ ಕೀಟದ ಮರಿ ಸಿಕ್ಕರೆ ಒಳ್ಳೇ ಸುದ್ದಿ, ಅದು ನೀರೊಳಗಿನ ಆಮ್ಲಜನಕವನ್ನೇ ಉಸಿರಾಡುತ್ತದೆ. ತುದಿಯಲ್ಲಿ ಮೂರು ಎಲೆಯಂಥ ಕಿವಿರಿರುವ, ಏರೋಪ್ಲೇನ್ ಚಿಟ್ಟೆಯ ನೆಂಟ ಡ್ಯಾಮ್ಸೆಲ್‌ಫ್ಲೈಯ ಮರಿಯನ್ನೂ ಹುಡುಕಿ. ಸೊಳ್ಳೆ ಮರಿ, ನೀರುಚೇಳು ಮೇಲಿನ ಗಾಳಿಯನ್ನೇ ಉಸಿರಾಡುತ್ತವೆ. ಅವುಗಳಿಂದ ನೀರೊಳಗಿನ ಆಮ್ಲಜನಕದ ಸುಳಿವು ಸಿಗದು. ಏರೋಪ್ಲೇನ್ ಚಿಟ್ಟೆ ಮೇಲೆ ಹಾರಾಡಿದರೂ ಅಷ್ಟೇ, ಅದು ಬೇರೆ ಕಡೆಯಿಂದ ಬಂದಿರಬಹುದು. ಜೊಂಡಿಗೆ ಅಂಟಿಕೊಂಡ, ಬೆನ್ನು ಸೀಳಿದ ಒಣ ಪೊರೆ ಕಂಡರೆ ಮಾತ್ರ ಅದು ಇಲ್ಲೇ ಬೆಳೆದದ್ದು ಎನ್ನಿ.

ಕೀಟಗಳ ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಪಟ್ಟಿ ನಿಮ್ಮ ಕಣ್ಣಿಗೆ ಬೀಳಬಹುದು. ಅದು ಬ್ರಿಟನ್‌ನ ಹರಿಯುವ ನದಿಗಳಿಗೆಂದು ಮಾಡಿದ್ದು. ನಿಂತ ನೀರಿಗೆ ಹಾಗೇ ಹಚ್ಚಬೇಡಿ. ನೀರು ಒಳಬರುವ ಬಾಯಿಯ ಹತ್ತಿರ ಒಂದು ಸಲ, ಎದುರು ದಡದಲ್ಲಿ ಒಂದು ಸಲ ಬಲೆ ಹಾಕಿ, ಸಿಕ್ಕ ಬಗೆಗಳನ್ನು ಬರೆದಿಡಿ. ಮುಂದಿನ ವರ್ಷ ಅದೇ ಕಾಲಕ್ಕೆ ಮತ್ತೆ ನೋಡಿ. ಎಣಿಸಿದ ಮೇಲೆ ಎಲ್ಲವನ್ನೂ ನೀರಿಗೇ ಬಿಟ್ಟುಬಿಡಿ.