ಸ್ನಾನದ ಸರದಿ, ಮೀನಿನ ಸಾರು: ಕ್ಯೋಟೊದ ಆತಿಥೇಯರ ಮನೆಯಲ್ಲಿ ಒಬ್ಬ ವಿದ್ಯಾರ್ಥಿನಿ

ಕ್ಯೋಟೊ ನಗರದ ಭಾಷಾಶಾಲೆಯೊಂದರಲ್ಲಿ ಜಪಾನಿ ಕಲಿಯಲು ಅಕ್ಟೋಬರ್‌ನಲ್ಲಿ ಹೋಗಿದ್ದ ಶಿವಮೊಗ್ಗ ಜಿಲ್ಲೆಯ ಯುವತಿಯೊಬ್ಬಳು ನವೆಂಬರ್ ಕೊನೆಯಲ್ಲಿ ವಿಡಿಯೊ ಕರೆಯ ಮೂಲಕ ನನ್ನ ಸಲಹೆ ಕೇಳಿದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. “ನಿದ್ದೆ ಬರುತ್ತಿಲ್ಲ ಮೇಡಂ, ಊಟ ಸೇರುತ್ತಿಲ್ಲ. ಈ ಮನೆಯವರಿಗೆ ನಾನು ಬೇಡವಾಗಿದ್ದೇನೆ, ವಾಪಸ್ ಬಂದುಬಿಡಲಾ?” ಎಂದು ಮೊದಲ ಭೇಟಿಯಲ್ಲೇ ಕೇಳಿದಳು. ಡಿಸೆಂಬರ್‌ನ ಮೊದಲ ಭಾನುವಾರ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್3 ಹಂತ ಇದ್ದುದರಿಂದ, ಸಮಸ್ಯೆಯೆಲ್ಲ ಪರೀಕ್ಷೆಯ ಭಯದ್ದೆಂದು ಊರಿನಲ್ಲಿ ತಂದೆ ತಾಯಿ ನಂಬಿದ್ದರು. ಆದರೆ ಓದಿನಲ್ಲಿ ಆಕೆಗೆ ಅಂತಹ ತೊಂದರೆಯೇನೂ ಇರಲಿಲ್ಲ.

ಮನೆಯಲ್ಲಿ ಅರವತ್ತು ದಾಟಿದ ದಂಪತಿ ಮಾತ್ರ ಇದ್ದರು. ಶಾಲೆ ಹೇಳಿಕೊಟ್ಟಂತೆ ಆಕೆ ಅವರನ್ನು ಒಕಾಸಾನ್, ಒತೋಸಾನ್ ಎಂದು, ಅಂದರೆ ಅಮ್ಮ, ಅಪ್ಪ ಎಂದೇ ಕರೆಯುತ್ತಿದ್ದಳು. ಮೊದಲ ವಾರ ಅವರು ಸಂಜೆಯ ಸ್ನಾನಕ್ಕೆ ಅತಿಥಿಯೆಂದು ಆಕೆಯನ್ನೇ ಮುಂದಾಗಿ ಕಳಿಸುತ್ತಿದ್ದರು. ಎರಡನೆಯ ವಾರದಿಂದ, ಯಾವ ಕಾರಣವನ್ನೂ ಹೇಳದೆ, ಎಲ್ಲರೂ ಮುಗಿಸಿದ ಮೇಲೆ ಹೋಗುವಂತೆ ಒಕಾಸಾನ್ ಸೂಚಿಸಿದರು. “ನಾನು ಮುಟ್ಟಿದ ನೀರು ಅವರಿಗೆ ಬೇಡವಾಯಿತು” ಎಂದು ಹೇಳುವಾಗ ಆಕೆಯ ಧ್ವನಿ ನಡುಗುತ್ತಿತ್ತು. ಯಾರು ಮುಟ್ಟಿದ ನೀರು ಯಾರಿಗೆ ಸಲ್ಲದು ಎಂಬುದನ್ನೇ ಹಿಡಿದು ತಲೆಮಾರುಗಳ ಕಾಲ ಮನುಷ್ಯರನ್ನು ಅವಮಾನಿಸಿರುವ ಸಮಾಜದಿಂದ ಬಂದವರಿಗೆ ಇಂತಹ ಬದಲಾವಣೆ ಎಲ್ಲಿ ನಾಟುತ್ತದೆ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಆ ಮೊದಲ ವಾರ ಸ್ನಾನದ ಮನೆಯಲ್ಲಿ ಏನೇನು ಮಾಡುತ್ತಿದ್ದಿರಿ, ಒಂದೊಂದಾಗಿ ಹೇಳಿ ಎಂದು ಕೇಳಿದೆ. ತೊಟ್ಟಿಯ ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದು, ಆಮೇಲೆ ಬಿಸಿನೀರಿನಲ್ಲಿ ಕುಳಿತು, ಎದ್ದ ಮೇಲೆ ತಳದ ಬಿರಡೆ ತೆಗೆದು ನೀರು ಬಿಟ್ಟು ತೊಟ್ಟಿ ಉಜ್ಜಿಡುತ್ತಿದ್ದಳು. ತಾನು ಮಿಂದ ನೀರನ್ನು ಹಿರಿಯರಿಗೆ ಉಳಿಸುವುದು ಅಗೌರವ ಎಂದು ಆಕೆ ತಿಳಿದಿದ್ದಳು. ಜಪಾನಿನ ಮನೆಗಳಲ್ಲಿ ಸಾಮಾನ್ಯವಾಗಿ ಒಮ್ಮೆ ತುಂಬಿದ ನೀರಿನಲ್ಲೇ ಮನೆಮಂದಿಯೆಲ್ಲ ಸರದಿಯಂತೆ ಕುಳಿತು ಏಳುತ್ತಾರೆ. ಮೈಯ ಕೊಳೆಯನ್ನು ಹೊರಗೇ ತೊಳೆದುಕೊಳ್ಳುವುದು ಅದಕ್ಕಾಗಿಯೇ. ನಡುವೆ ಬಿಸಿ ಆರದಂತೆ ಮುಚ್ಚಳ ಹಾಕಿಡುತ್ತಾರೆ, ಉಳಿದ ನೀರನ್ನು ಮರುದಿನ ಬಟ್ಟೆ ಒಗೆಯಲು ಬಳಸುವ ಮನೆಗಳೂ ಬಹಳ. ಆ ದಂಪತಿ ಪ್ರತಿ ಸಂಜೆ ಮತ್ತೊಂದು ತೊಟ್ಟಿ ನೀರು ಕಾಯಿಸಿಕೊಂಡಿದ್ದಾರೆ, ಆದರೆ ಆಕೆಗೆ ಬೇಸರವಾದೀತೆಂದು ಬಾಯಿ ಬಿಟ್ಟಿಲ್ಲ. ಇದು ನನ್ನ ಊಹೆಯಷ್ಟೆ, ನೀವೇ ಕೇಳಿ ತಿಳಿದುಕೊಳ್ಳಿ ಎಂದೆ.

ಊಟದ ವಿಷಯ ಇನ್ನಷ್ಟು ತೊಡಕಿನದಾಗಿತ್ತು. ಅರ್ಜಿಯಲ್ಲಿ ಸಸ್ಯಾಹಾರಿ ಎಂದು ಬರೆದಿದ್ದಳು. ಅದರಂತೆ ಒಕಾಸಾನ್ ಮಾಂಸ, ಮೀನು ಎರಡನ್ನೂ ತಟ್ಟೆಗೆ ಬಡಿಸುತ್ತಿರಲಿಲ್ಲ. ಆದರೆ ದಿನವೂ ಕುಡಿಯುತ್ತಿದ್ದ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರಿನ ತಳಕ್ಕೆ ಕತ್ಸುವೊಬುಶಿ, ಅಂದರೆ ಒಣಗಿಸಿ ಹೆರೆದ ಮೀನು, ಹಾಕುತ್ತಾರೆಂದು ಮೂರನೆಯ ವಾರ ತರಗತಿಯಲ್ಲಿ ತಿಳಿಯಿತು. ಅಂದು ರಾತ್ರಿ ವಾಂತಿಯಾಯಿತು. ನಿಜ ಹೇಳಲು ಸಂಕೋಚಪಟ್ಟು ಹೊಟ್ಟೆ ಸರಿಯಿಲ್ಲ ಎಂದಳು. ಒಕಾಸಾನ್ ಕಾಳಜಿಯಿಂದ ದಿನವೂ ಗಂಜಿ ಮಾಡಿಕೊಡತೊಡಗಿದರು, ಅದನ್ನೂ ಅದೇ ಮೀನಿನ ಸಾರಿನಲ್ಲಿ ಬೇಯಿಸಿರಬಹುದೆಂಬ ಅನುಮಾನದಿಂದ ಈಕೆ ಅರ್ಧ ಬಿಟ್ಟು ಕೋಣೆಗೆ ಹೋಗಿ ಅವಲಕ್ಕಿ, ಚಟ್ನಿಪುಡಿ ತಿನ್ನುತ್ತಿದ್ದಳು. ಒಲ್ಲೆನೆಂಬುದನ್ನು ಅನಾರೋಗ್ಯದ ನೆಪದಲ್ಲಿ ಹೇಳಿದರೆ ಎದುರಿನವರ ಆರೈಕೆ ಹೆಚ್ಚುತ್ತದೆ, ಆ ಆರೈಕೆಯನ್ನು ತಳ್ಳಿಹಾಕುವ ಕಷ್ಟವೂ ಹೆಚ್ಚುತ್ತದೆ. ವಿದೇಶದ ಮನೆಗಳಲ್ಲಿ ಇರುವ ನಮ್ಮ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ಸುಳಿಯನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಊಟದ ಮೇಜಿನಲ್ಲಿ ಈ ಮಾತು ತೆಗೆಯಬೇಡಿ, ಬಡಿಸಿದ ಅನ್ನದ ಎದುರು ಹೇಳಿದರೆ ಅದು ದೂರಿನಂತೆ ಕೇಳುತ್ತದೆ. ರಜೆಯ ಬೆಳಿಗ್ಗೆ, ಬರೆದಿಟ್ಟುಕೊಂಡ ಸರಳ ವಾಕ್ಯಗಳೊಂದಿಗೆ ಮಾತನಾಡಿ. ಹೊಟ್ಟೆನೋವಿನ ಮಾತು ನಿಜವಲ್ಲ ಎಂದು ಮೊದಲು ಹೇಳಿ ಕ್ಷಮೆ ಕೇಳಿ. ತಿನ್ನಲಾಗದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ತಿನ್ನಬಹುದಾದದ್ದನ್ನು ವಿವರವಾಗಿ ಹೇಳಿ: ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯಿಂದ ತೆಗೆದ ಸಾರು ಆಗುತ್ತದೆ, ತೋಫು, ಯುಬಾ ಎಂಬ ಸೋಯಾ ಹಾಲಿನ ಕೆನೆ, ತರಕಾರಿ ಆಗುತ್ತದೆ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಸಸ್ಯಾಹಾರಿ ಅಡುಗೆಗೆ ಕ್ಯೋಟೊ ಹೆಸರಾದದ್ದು, ಆದ್ದರಿಂದ ಆ ಹೆಸರು ಹೇಳಿದರೆ ಅರ್ಧ ವಿವರಣೆ ತಪ್ಪುತ್ತದೆ. ವಾರಕ್ಕೊಂದು ಸಂಜೆ ಅಡುಗೆಮನೆ ಕೇಳಿ, ಆದರೆ ಒಗ್ಗರಣೆಯ ಘಾಟು ಆ ಪುಟ್ಟ ಮನೆಯಲ್ಲಿ ರಾತ್ರಿಯೆಲ್ಲ ನಿಲ್ಲುತ್ತದೆಂದು ಮೊದಲೇ ತಿಳಿಸಿ.

ನಿದ್ದೆಯ ಕಾರಣ ಬೇಗ ಗೊತ್ತಾಯಿತು. ಊರಿನಲ್ಲಿ ಕೆಲಸ ಮುಗಿಸಿ ತಾಯಿ ಒಂಬತ್ತಕ್ಕೆ ಫೋನ್ ಮಾಡುವಾಗ ಅಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ತೆಳು ಗೋಡೆಯ ಆಚೆ ಹಿರಿಯರು ಮಲಗಿರುತ್ತಿದ್ದರು. ತಾಯಿಯೊಡನೆ ನಾನೇ ಮಾತನಾಡಿ ಕರೆಯನ್ನು ನಮ್ಮ ಸಂಜೆ ಆರಕ್ಕೆ, ಅಂದರೆ ಅಲ್ಲಿನ ಒಂಬತ್ತೂವರೆಗೆ ತರಲು ಕೇಳಿಕೊಂಡೆ. “ಊಟ ಮಾಡಿದ್ಯಾ?” ಎಂದೇ ಮಾತು ಆರಂಭಿಸಬೇಡಿ ಎಂಬ ನನ್ನ ಕೋರಿಕೆ ಅವರಿಗೆ ಹಿಡಿಸಲಿಲ್ಲ. ಮಗಳು ದಿನವೂ ಆ ಪ್ರಶ್ನೆಗೆ ಸುಳ್ಳು ಹೇಳಬೇಕಾಗಿತ್ತು ಎಂದು ತಿಳಿದ ಮೇಲೆ ಒಪ್ಪಿದರು.

ಎಲ್ಲ ಮನೆಯಲ್ಲೂ ಹೀಗೆ ಹೊಂದಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕೋಣೆಗೆ ಕೇಳದೆ ನುಗ್ಗುವುದು, ಅನಗತ್ಯವಾಗಿ ಮೈಮುಟ್ಟುವುದು, ಒಪ್ಪಂದದ ಊಟ ಕೊಡದಿರುವುದು, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹೊರಿಸುವುದು, ಇವುಗಳಲ್ಲಿ ಒಂದು ಕಂಡರೂ ಶಾಲೆಯ ವಸತಿ ಸಂಯೋಜಕರಿಗೆ ಅಂದೇ ಬರೆದು ತಿಳಿಸಿ ಮನೆ ಬದಲಿಸಿಕೊಳ್ಳಬೇಕು. ಈಕೆಯನ್ನೂ ಇವೆಲ್ಲ ಕೇಳಿ, ಅಂತಹದ್ದೇನೂ ಇಲ್ಲವೆಂದು ಖಚಿತವಾದ ಮೇಲೆಯೇ ಮೇಲಿನ ಸಲಹೆ ಕೊಟ್ಟದ್ದು.

ಮುಂದಿನ ಭೇಟಿಯಲ್ಲಿ ನಡೆದದ್ದನ್ನು ತಿಳಿಸಿದಳು. ಆಕೆ ಕುಳಿತೆದ್ದ ನೀರನ್ನು ಇನ್ನೊಬ್ಬರು ಬಳಸುವುದು ಆಕೆಯ ಧರ್ಮಕ್ಕೆ ಆಗದೇನೋ ಎಂದು ಭಾವಿಸಿ, ಕೊನೆಯಲ್ಲಿ ಹೋದರೆ ಬಿರಡೆ ತೆಗೆಯಲು ಅಡ್ಡಿಯಿಲ್ಲವೆಂದು ಒಕಾಸಾನ್ ಸರದಿ ಬದಲಿಸಿದ್ದರಂತೆ. ಮೀನಿನ ಸಾರಿನ ಮಾತು ಕೇಳಿ ಅವರು ಬಹಳ ಹೊತ್ತು ಮೌನವಾಗಿದ್ದರು, ಅದು ಇಬ್ಬರಿಗೂ ಸುಲಭದ ಬೆಳಿಗ್ಗೆ ಆಗಿರಲಿಲ್ಲ. ಈಗ ಎರಡು ಪಾತ್ರೆಯಲ್ಲಿ ಸಾರು ಕಾಯುತ್ತದೆ. ಪರೀಕ್ಷೆ ಬರೆದಿದ್ದಾಳೆ. ಅದರಲ್ಲಿ ಮಾತಿನ ಭಾಗವೇ ಇಲ್ಲ, ಆದರೆ ಒತೋಸಾನ್ ಆಡುವ ಕ್ಯೋಟೊ ಭಾಗದ ನುಡಿ ಇನ್ನೂ ಅರ್ಧ ಅರ್ಥವಾಗುವುದಿಲ್ಲ ಎಂಬ ಕೊರಗು ಉಳಿದಿದೆ. ಮಾರ್ಚ್‌ನಲ್ಲಿ ಒಪ್ಪಂದ ಮುಗಿದ ಮೇಲೆ ಅಲ್ಲೇ ಉಳಿಯುವುದೋ ವಿದ್ಯಾರ್ಥಿನಿಲಯಕ್ಕೆ ಹೋಗುವುದೋ ಎಂಬುದನ್ನು ಫೆಬ್ರವರಿಯಲ್ಲಿ ಒಕಾಸಾನ್ ಜೊತೆ ಕುಳಿತು ಮಾತನಾಡುವುದಾಗಿ ಹೇಳಿದ್ದಾಳೆ.