ನೆಗಡಿಯಾದಾಗಲೆಲ್ಲ ಉಬ್ಬಸ: ಮುಂದೆ ಆಸ್ತಮಾ ಆಗುತ್ತದೆಯೇ?

ದಾವಣಗೆರೆಯಲ್ಲಿ ಅಕ್ಕಿ ಗಿರಣಿಯ ಪಕ್ಕದ ಬೀದಿಯಲ್ಲಿರುವ ತಾವು, ಎಂಟು ತಿಂಗಳ ವಯಸ್ಸಿನಲ್ಲಿ ಆರ್‌ಎಸ್‌ವಿ (ಶ್ವಾಸನಾಳಗಳಿಗೆ ತಗಲುವ ಒಂದು ವೈರಸ್) ಸೋಂಕಿನಿಂದ ಆಸ್ಪತ್ರೆ ಸೇರಿದ್ದ ಮಗಳಿಗೆ ಎರಡೂವರೆ ವರ್ಷವಾದರೂ ನೆಗಡಿಯಾದಾಗಲೆಲ್ಲ ಉಬ್ಬಸ ಬರುತ್ತಿದೆ, ಆ ವೈರಸ್ಸೇ ಆಸ್ತಮಾ ತಂದಿತೇ ಎಂದು ಕೇಳಿದ್ದೀರಿ.

ಎಳೆಯ ಮಕ್ಕಳ ಶ್ವಾಸನಾಳಗಳು ಬಹಳ ಕಿರಿದು. ಸೋಂಕಿನಿಂದ ಒಳಪದರ ಊದಿ, ಉದುರಿದ ಜೀವಕೋಶಗಳೂ ಲೋಳೆಯೂ ಸೇರಿ ದಾರಿ ಕಟ್ಟಿಕೊಂಡಾಗ, ಉಸಿರು ಬಿಡುವಾಗ ಸುಯ್ಯೆಂಬ ಸದ್ದು ಕೇಳಿಸುತ್ತದೆ. ಬಹಳಷ್ಟು ಮಕ್ಕಳಲ್ಲಿ ಇದು ಶಾಲೆಗೆ ಸೇರುವ ವಯಸ್ಸಿಗೆ ನಿಂತುಹೋಗುತ್ತದೆ.

ಅಲರ್ಜಿ ಅಥವಾ ಆಸ್ತಮಾ ಇರುವ ತಂದೆತಾಯಿಗೆ ಹುಟ್ಟಿದ ಮಕ್ಕಳನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿನಿಂದಲೇ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 3 ವರ್ಷಗಳಲ್ಲಿ ಆರ್‌ಎಸ್‌ವಿಯಿಂದ ಉಬ್ಬಸ ಬಂದವರಿಗೆ 6ನೇ ವಯಸ್ಸಿನಲ್ಲಿ ಆಸ್ತಮಾ ಇರುವ ಸಂಭವ ಸುಮಾರು 2.6 ಪಟ್ಟು, ಸಾಮಾನ್ಯ ನೆಗಡಿಯ ರೈನೊವೈರಸ್‌ನಿಂದ ಬಂದವರಿಗೆ ಸುಮಾರು 10 ಪಟ್ಟು ಹೆಚ್ಚಿತ್ತು. ಆದರೆ ಇನ್ನೊಂದು ಅಧ್ಯಯನದಲ್ಲಿ, ಅವಧಿಗೆ ಮೊದಲು ಹುಟ್ಟಿದ ಶಿಶುಗಳಿಗೆ ಆರ್‌ಎಸ್‌ವಿ ತಡೆಯುವ ಪ್ರತಿಕಾಯ (ವೈರಸ್ಸನ್ನು ಎದುರಿಸುವ ಪ್ರೋಟೀನ್) ಕೊಟ್ಟಾಗ ಮೊದಲ ವರ್ಷದ ಉಬ್ಬಸ ಕಡಿಮೆಯಾಯಿತೇ ಹೊರತು, 6ನೇ ವಯಸ್ಸಿನ ಶ್ವಾಸಕೋಶದ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ, ವೈರಸ್ ಒಂದೇ ಕಾರಣವಲ್ಲ, ಮೊದಲೇ ಆಸ್ತಮಾದತ್ತ ಒಲವಿರುವ ಮಗುವನ್ನು ಅದು ಎತ್ತಿ ತೋರಿಸುತ್ತದೆ ಎಂಬ ವಾದವೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಮಗುವನ್ನು ಆಗ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ದಯವಿಟ್ಟು ಕೊರಗಬೇಡಿ.

ಮಗಳಿಗೆ ಎಸ್ಜಿಮಾ (ತುರಿಕೆಯ ಚರ್ಮದ ಉರಿಯೂತ) ಇದೆಯೇ, ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದೆಯೇ, ನೆಗಡಿಯಿಲ್ಲದಾಗಲೂ ರಾತ್ರಿ ಕೆಮ್ಮುತ್ತಾಳೆಯೇ ಎಂಬುದನ್ನು ಮಕ್ಕಳ ವೈದ್ಯರಿಗೆ ತಪ್ಪದೆ ತಿಳಿಸಿ. ಗಿರಣಿಯ ಹೊಟ್ಟಿನ ಧೂಳು ಒಳಬರುವ ಕಿಟಕಿ ಮುಚ್ಚಿಡಿ. ಮನೆಯೊಳಗೆ ಬೀಡಿ, ಸೊಳ್ಳೆಬತ್ತಿಯ ಹೊಗೆ ಬೇಡ. ಉಸಿರಾಡುವಾಗ ಪಕ್ಕೆಗಳ ನಡುವಿನ ಚರ್ಮ ಒಳಕ್ಕೆ ಸೆಳೆದರೆ ಅಥವಾ ತುಟಿ ನೀಲಿಗಟ್ಟಿದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.